849 ಸ್ಕ್ವಾಡ್ರನ್ ಇಲ್ಲದ ಮೂರೂವರೆ ವರ್ಷ: ಒಂದು ನೌಕಾಪಡೆ ತನ್ನ ಎತ್ತರದ ಕಣ್ಣನ್ನು ಕಳೆದುಕೊಂಡ ಪ್ರಕರಣ

1978ರ ಡಿಸೆಂಬರ್ 15ರಂದು ಸ್ಕಾಟ್ಲೆಂಡಿನ ಲಾಸಿಮೌತ್ ವಾಯುನೆಲೆಯಲ್ಲಿ ಬ್ರಿಟನ್ ನೌಕಾಪಡೆಯ 849ನೇ ಸ್ಕ್ವಾಡ್ರನ್, ಅಂದರೆ ಆಕಾಶದಿಂದ ರೇಡಾರ್ ಕಾವಲು ಕಾಯುತ್ತಿದ್ದ ವಿಮಾನಗಳ ತಂಡ, ಮುಚ್ಚಿತು. ಯುದ್ಧದಲ್ಲಿ ಸೋತು ಮುಚ್ಚಿದ್ದಲ್ಲ. ಕೆಲಸ ಸರಿಯಾಗಿ ಮಾಡಲಿಲ್ಲ ಎಂದು ಮುಚ್ಚಿದ್ದೂ ಅಲ್ಲ. ಅದರ ವಿಮಾನಗಳು ಹಾರುತ್ತಿದ್ದ ಕೊನೆಯ ದೊಡ್ಡ ವಿಮಾನವಾಹಕ ಹಡಗು ಆರ್ಕ್ ರಾಯಲ್ ಅದೇ ತಿಂಗಳ ಆರಂಭದಲ್ಲಿ ಕೊನೆಯ ಯಾನ ಮುಗಿಸಿ ಡೆವನ್‌ಪೋರ್ಟ್ ಬಂದರಿಗೆ ಮರಳಿತ್ತು. ಹಡಗಿಲ್ಲದ ಮೇಲೆ ಸ್ಕ್ವಾಡ್ರನ್ ಯಾಕೆ ಎಂದು ಅದನ್ನೂ ನಿಲ್ಲಿಸಿದರು.

ಮೂರು ವರ್ಷ ನಾಲ್ಕೂವರೆ ತಿಂಗಳ ನಂತರ, 1982ರ ಮೇ 4ರಂದು, ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಶೆಫೀಲ್ಡ್ ಎಂಬ ಬ್ರಿಟಿಷ್ ಡಿಸ್ಟ್ರಾಯರ್ ಹಡಗಿಗೆ ಅರ್ಜೆಂಟೀನಾದ ಒಂದು ಎಕ್ಸೋಸೆಟ್ ಕ್ಷಿಪಣಿ ಬಡಿಯಿತು. 20 ನಾವಿಕರು ಸತ್ತರು.

ಈ ಎರಡು ದಿನಗಳ ನಡುವಿನ ಸಂಬಂಧವೇ ಈ ಪ್ರಕರಣ. ಫಾಕ್‌ಲ್ಯಾಂಡ್ಸ್ ಯುದ್ಧದ ಬಗ್ಗೆ ಓದುವಾಗ ಎಲ್ಲರ ಗಮನ ಕ್ಷಿಪಣಿಯ ಮೇಲೆ, ಹ್ಯಾರಿಯರ್ ವಿಮಾನಗಳ ಮೇಲೆ ಹೋಗುತ್ತದೆ. ನನ್ನನ್ನು ಕಾಡಿದ್ದು ಅಲ್ಲಿ ಇರಬೇಕಾಗಿದ್ದು ಇರದೇ ಹೋದ ನಾಲ್ಕು ವಿಮಾನಗಳು.

ಎತ್ತರ ಯಾಕೆ ಬೇಕು

ಕಡಲತೀರದಲ್ಲಿ ನಿಂತು ನೋಡಿದವರಿಗೆಲ್ಲ ಗೊತ್ತು. ದೂರ ಹೋಗುವ ದೋಣಿಯ ಒಡಲು ಮೊದಲು ಮರೆಯಾಗುತ್ತದೆ, ಪಟ ಆಮೇಲೆ. ಭೂಮಿ ಬಾಗಿದೆ, ಅದಕ್ಕೇ. ರೇಡಾರ್ ಅಲೆಯೂ ಹೆಚ್ಚುಕಡಿಮೆ ನೇರವಾಗಿಯೇ ಹೋಗುತ್ತದೆ. ದಿಗಂತದ ಆಚೆ ಇಳಿದು ನೋಡುವ ಶಕ್ತಿ ಅದಕ್ಕಿಲ್ಲ.

ಹಡಗಿನ ರೇಡಾರ್ ನೀರಿನಿಂದ 30 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಶತ್ರು ವಿಮಾನವೂ ನೀರಿಗೆ ತಾಗುವ ಹಾಗೆ 30 ಮೀಟರ್ ಎತ್ತರದಲ್ಲೇ ಬರುತ್ತಿದೆ. ಆಗ ಅದು ಕಾಣುವುದು ಸುಮಾರು 45 ಕಿಲೋಮೀಟರ್ ಹತ್ತಿರ ಬಂದ ಮೇಲೆ. ನೀರಿನಿಂದ 3 ಮೀಟರ್ ಮೇಲೆ ಹಾರುವ ಕ್ಷಿಪಣಿಯಾದರೆ 30 ಕಿಲೋಮೀಟರ್ ಒಳಗೆ ಬರಬೇಕು. ಎಕ್ಸೋಸೆಟ್‌ನ ವೇಗ ಶಬ್ದದ ವೇಗಕ್ಕಿಂತ ಸ್ವಲ್ಪವೇ ಕಡಿಮೆ. ಅಂದರೆ ಎಲ್ಲವೂ ಸರಿಯಿದ್ದು, ಕಂಡ ಕ್ಷಣವೇ ಗುರುತು ಹಿಡಿದರೂ, ಹಡಗಿನವರ ಕೈಯಲ್ಲಿ ಉಳಿಯುವುದು ಸುಮಾರು ನೂರು ಸೆಕೆಂಡ್.

ಅದೇ ರೇಡಾರನ್ನು ಒಂದು ವಿಮಾನದಲ್ಲಿಟ್ಟು 3,000 ಮೀಟರ್ ಮೇಲಕ್ಕೆ ಒಯ್ಯಿರಿ. ಆ 30 ಮೀಟರ್ ಎತ್ತರದ ಶತ್ರು ವಿಮಾನ ಈಗ ಸುಮಾರು 250 ಕಿಲೋಮೀಟರ್ ದೂರದಿಂದಲೇ ನೋಟಕ್ಕೆ ಸಿಗುತ್ತದೆ. ರೇಡಾರ್‌ಗೆ ಅಷ್ಟು ಶಕ್ತಿ ಇರಬೇಕು, ಸಮುದ್ರದ ಅಲೆಗಳ ಗೊಂದಲದಲ್ಲಿ ಆ ಚುಕ್ಕೆಯನ್ನು ಹೆಕ್ಕುವ ಆಪರೇಟರ್ ಇರಬೇಕು, ಅದು ಬೇರೆ ಮಾತು. ಆದರೆ ದಿಗಂತ ಅಡ್ಡ ಬರುವುದಿಲ್ಲ. ಕಾದಾಟದ ವಿಮಾನಗಳನ್ನು ಎಬ್ಬಿಸಿ ಎದುರಿಗೆ ಕಳಿಸುವಷ್ಟು ಸಮಯ ಸಿಗುತ್ತದೆ. ಈ ಕೆಲಸವನ್ನೇ ವಾಯು ಮುನ್ನೆಚ್ಚರಿಕೆ ಎನ್ನುವುದು. 849 ಸ್ಕ್ವಾಡ್ರನ್ ಮಾಡುತ್ತಿದ್ದದ್ದು ಇದನ್ನೇ. ಅದರ ಲಾಂಛನದ ಮೇಲಿದ್ದ ಲ್ಯಾಟಿನ್ ಮಾತು ‘ಪ್ರೈಮಸ್ ವಿಡಿಯೊ’. ಮೊದಲು ಕಾಣುವುದು ನನಗೇ, ಎಂದರ್ಥ.

ಅವೆಂಜರ್‌ನಿಂದ ಗ್ಯಾನೆಟ್‌ವರೆಗೆ

ಈ ಸ್ಕ್ವಾಡ್ರನ್ ಹುಟ್ಟಿದ್ದು ಬೇರೆ ಕೆಲಸಕ್ಕೆ. 1943ರ ಆಗಸ್ಟ್‌ನಲ್ಲಿ, ಅಮೆರಿಕದ ರೋಡ್ ಐಲೆಂಡ್‌ನ ಕ್ವಾನ್‌ಸೆಟ್ ಪಾಯಿಂಟ್‌ನಲ್ಲಿ, ಅವೆಂಜರ್ ಎಂಬ ಟಾರ್ಪೆಡೊ ಬಾಂಬರ್‌ಗಳನ್ನು ಹಾರಿಸಲೆಂದು ಶುರುವಾಯಿತು. 1945ರ ಜನವರಿಯಲ್ಲಿ ವಿಕ್ಟೋರಿಯಸ್ ಹಡಗಿನಿಂದ ಹೊರಟು ಸುಮಾತ್ರಾದ ಪಾಲೆಂಬಾಂಗ್ ತೈಲ ಶುದ್ಧೀಕರಣ ಘಟಕಗಳ ಮೇಲೆ ಬಾಂಬ್ ಹಾಕಿದ ತಂಡಗಳಲ್ಲಿ ಇದೂ ಒಂದು. ಆಮೇಲೆ ಅದೇ ಹಡಗಿನೊಡನೆ ಜಪಾನಿನ ಕಡೆಗೆ ಹೋಯಿತು.

ಆ ವರ್ಷ ಒಕಿನಾವಾ ಸುತ್ತಲ ಸಮುದ್ರದಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಜಪಾನಿನ ಕಾಮಿಕಾಜೆ ವಿಮಾನಗಳು ಹಡಗುಗಳ ಮೇಲೆ ತಾವೇ ಬಂದು ಬೀಳುತ್ತಿದ್ದವು. ಅವನ್ನು ಬೇಗ ಗುರುತಿಸಲೆಂದು ಅಮೆರಿಕದವರು ಡಿಸ್ಟ್ರಾಯರ್‌ಗಳನ್ನು ಮುಖ್ಯ ಪಡೆಯಿಂದ ದೂರ ಮುಂದಕ್ಕೆ ಕಳಿಸಿ ನಿಲ್ಲಿಸಿದರು. ರೇಡಾರ್ ಕಾವಲು ಹಡಗುಗಳು. ಕಾವಲು ನಿಂತ ಹಡಗುಗಳೇ ಮೊದಲು ಹೊಡೆತ ತಿಂದವು, ಬಹಳ ಕೆಟ್ಟದಾಗಿ ತಿಂದವು. ಬ್ರಿಟಿಷರ ವಿಕ್ಟೋರಿಯಸ್ ಹಡಗಿಗೂ 1945ರ ಮೇ 9ರಂದು ಕಾಮಿಕಾಜೆ ಏಟು ಬಿತ್ತು. ಹಡಗನ್ನು ಮುಂದೆ ನಿಲ್ಲಿಸುವ ಬದಲು ರೇಡಾರನ್ನೇ ಮೇಲಕ್ಕೆ ಒಯ್ದರೆ ಹೇಗೆ ಎಂದು ಅಮೆರಿಕದವರು ಅಷ್ಟರಲ್ಲೇ ಕೆಲಸ ಶುರುಮಾಡಿದ್ದರು. ಅದರಿಂದ ಬಂದದ್ದು ಎಪಿಎಸ್-20 ರೇಡಾರ್. ಅದನ್ನು ಮೊದಲು ಕೂರಿಸಿದ್ದು ಒಂದು ಅವೆಂಜರ್‌ನ ಹೊಟ್ಟೆಗೇ. ಈ ಎಪಿಎಸ್-20 ಎಂಬ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಯುದ್ಧ ಮುಗಿದ ಮೇಲೆ ನಿಂತುಹೋಗಿದ್ದ 849 ಸ್ಕ್ವಾಡ್ರನ್ 1952ರ ಜುಲೈನಲ್ಲಿ ಹೊಸ ಕೆಲಸಕ್ಕೆಂದೇ ಮತ್ತೆ ಎದ್ದಿತು. ನೆಲೆ ಕಾರ್ನ್‌ವಾಲ್‌ನ ಕಲ್‌ಡ್ರೋಸ್. ವಿಮಾನ ಅಮೆರಿಕದಿಂದ ನೆರವಿನ ರೂಪದಲ್ಲಿ ಬಂದ ಸ್ಕೈರೈಡರ್, ಒಟ್ಟು 50. ಮೂತಿಯ ಕೆಳಗೆ ದೊಡ್ಡ ಮಡಕೆ ಕಟ್ಟಿದಂತೆ ರೇಡಾರ್ ಗುಮ್ಮಟ. ಸ್ಕ್ವಾಡ್ರನ್ ಎಲ್ಲವೂ ಒಂದೇ ಕಡೆ ಇರುತ್ತಿರಲಿಲ್ಲ. ಮೂರ್ನಾಲ್ಕು ವಿಮಾನಗಳ ಚಿಕ್ಕ ಚಿಕ್ಕ ತಂಡಗಳಾಗಿ ಬೇರೆ ಬೇರೆ ವಿಮಾನವಾಹಕಗಳಿಗೆ ಹಂಚಿಹೋಗುತ್ತಿತ್ತು. ಈ ತಂಡಗಳಿಗೆ ‘ಫ್ಲೈಟ್’ ಎಂದು ಹೆಸರು. 1956ರ ಸೂಯೆಜ್ ಕಾರ್ಯಾಚರಣೆಗೂ ಈ ಸ್ಕೈರೈಡರ್‌ಗಳು ಹೋಗಿದ್ದವು.

1960ರಲ್ಲಿ ಬಂದದ್ದು ಫೇರಿ ಕಂಪನಿಯ ಗ್ಯಾನೆಟ್ ಎಇಡಬ್ಲ್ಯೂ 3 (ಎಇಡಬ್ಲ್ಯೂ ಎಂದರೆ ವಾಯು ಮುನ್ನೆಚ್ಚರಿಕೆ). ಕಟ್ಟಿದ್ದು 44 ಮಾತ್ರ. ನೋಡಲು ಚಂದವಿಲ್ಲ ಎಂದು ಅನೇಕರು ಹೇಳುತ್ತಾರೆ. ನನಗೆ ಅದರ ಒಳಗಿನ ಬುದ್ಧಿವಂತಿಕೆ ಇಷ್ಟ. ಮೂತಿಯಲ್ಲಿ ಜೋಡಿ ಎಂಜಿನ್, ಎದುರುಬದುರು ತಿರುಗುವ ಎರಡು ಪ್ರೊಪೆಲ್ಲರ್. ಮೇಲೆ ಹೋಗಿ ಸುತ್ತು ಹಾಕುವಾಗ ಒಂದು ಎಂಜಿನ್ ನಿಲ್ಲಿಸಿ ಇನ್ನೊಂದರಲ್ಲೇ ಹಾರಬಹುದಿತ್ತು. ಇಂಧನ ಉಳಿಯುತ್ತಿತ್ತು, ಹೆಚ್ಚು ಹೊತ್ತು ನಿಲ್ಲಬಹುದಿತ್ತು. ಕಾವಲಿನ ಕೆಲಸಕ್ಕೆ ಬೇಕಾದದ್ದು ಅದೇ ಅಲ್ವಾ. ರೇಡಾರ್ ಮಾತ್ರ ಹಳೆಯದೇ. ಸ್ಕೈರೈಡರ್‌ಗಳಿಂದ ಬಿಚ್ಚಿದ ಎಪಿಎಸ್-20ಗಳನ್ನೇ ಗ್ಯಾನೆಟ್‌ಗೆ ಹಾಕಿದರು.

ಮುಂದೆ ಒಬ್ಬ ಪೈಲಟ್. ಹಿಂದೆ ಇಕ್ಕಟ್ಟಾದ ಕೋಣೆಯಲ್ಲಿ ಪಕ್ಕಪಕ್ಕ ಕುಳಿತ ಇಬ್ಬರು ಅಬ್ಸರ್ವರ್‌ಗಳು. ಪರದೆಯಲ್ಲಿ ಚುಕ್ಕೆ ಹುಡುಕುವವರು ಅವರೇ, ಅದು ಯಾರದ್ದು ಎಂದು ತೀರ್ಮಾನಿಸುವವರು ಅವರೇ, ರೇಡಿಯೊದಲ್ಲಿ ಕಾದಾಟದ ವಿಮಾನಕ್ಕೆ ದಾರಿ ಹೇಳುವವರೂ ಅವರೇ. ಗಂಟೆಗಟ್ಟಲೆ ಈ ಕೆಲಸ. ಹಳೇ ರೇಡಾರ್ ತನ್ನಷ್ಟಕ್ಕೆ ತಾನು ಏನನ್ನೂ ಹೇಳುತ್ತಿರಲಿಲ್ಲ. ಅಲೆಗಳ ಮಂಜಿನಂಥ ಹೊಳಪಿನ ನಡುವೆ ನಿಜವಾದ ಚುಕ್ಕೆ ಯಾವುದು ಎಂಬುದು ಅನುಭವದಿಂದ ಬರಬೇಕಾದ ವಿದ್ಯೆ. 849 ಎಂದರೆ ಬರೀ ವಿಮಾನಗಳಲ್ಲ, ಆ ವಿದ್ಯೆ ಕೂಡ.

1966ರಲ್ಲಿ ರೊಡೇಷಿಯಾಕ್ಕೆ (ಇಂದಿನ ಜಿಂಬಾಬ್ವೆ) ತೈಲ ಹೋಗದಂತೆ ತಡೆಯಲು ಮೊಜಾಂಬಿಕ್‌ನ ಬೈರಾ ಬಂದರಿನ ಹೊರಗೆ ಕಾವಲು ಹಾಕಿದಾಗ, ವಿಶಾಲ ಸಮುದ್ರದಲ್ಲಿ ಟ್ಯಾಂಕರ್‌ಗಳನ್ನು ಹುಡುಕಿದ್ದು ಗ್ಯಾನೆಟ್‌ಗಳೇ.

ಯಾರೂ ತೆಗೆದುಕೊಳ್ಳದ ತೀರ್ಮಾನ

ಅದೇ 1966ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಬೇರೊಂದು ಲೆಕ್ಕ ನಡೆಯುತ್ತಿತ್ತು. ಬ್ರಿಟನ್ ಬಳಿ ದುಡ್ಡಿರಲಿಲ್ಲ. ಸಿವಿಎ-01 ಎಂಬ ಹೊಸ ದೊಡ್ಡ ವಿಮಾನವಾಹಕದ ಯೋಜನೆಯನ್ನು ಸರ್ಕಾರ ಕೈಬಿಟ್ಟಿತು. ನೌಕಾಪಡೆಯ ಮಂತ್ರಿ ಕ್ರಿಸ್ಟೋಫರ್ ಮೇಹ್ಯೂ ಮತ್ತು ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಸರ್ ಡೇವಿಡ್ ಲೂಸ್ ಇಬ್ಬರೂ ರಾಜೀನಾಮೆ ಕೊಟ್ಟರು. ಹಡಗುಗಳಿಗೆ ಆಕಾಶದ ರಕ್ಷಣೆ ನೆಲದ ಮೇಲಿನ ನೆಲೆಗಳಿಂದ ನಾವು ಕೊಡುತ್ತೇವೆ ಎಂಬುದು ವಾಯುಪಡೆಯ ಮಾತು. ಹಳೆಯ ವಿಮಾನವಾಹಕಗಳು ಒಂದೊಂದಾಗಿ ಹೋದವು. ವಿಕ್ಟೋರಿಯಸ್ ಹೋಯಿತು. ಹರ್ಮೀಸ್ ಹಡಗಿನ ಕ್ಯಾಟಪಲ್ಟ್, ಅಂದರೆ ವಿಮಾನವನ್ನು ಕವಣೆ ಕಲ್ಲಿನಂತೆ ಎಸೆದು ಹಾರಿಸುವ ಯಂತ್ರ, ತೆಗೆದು ಅದನ್ನು ಕಮಾಂಡೊ ಪಡೆಯನ್ನು ಒಯ್ಯುವ ಹಡಗು ಮಾಡಿದರು. 1972ರಲ್ಲಿ ಈಗಲ್ ಹೋಯಿತು. ಉಳಿದದ್ದು ಆರ್ಕ್ ರಾಯಲ್ ಒಂದೇ, ಅದರ ಮೇಲೆ 849ರ ಬಿ ಫ್ಲೈಟ್‌ನ ನಾಲ್ಕು ಗ್ಯಾನೆಟ್.

ಮುಂದಿನ ಹಡಗುಗಳು ಇನ್ವಿನ್ಸಿಬಲ್ ಮಾದರಿಯವು. ಚಿಕ್ಕವು. ಇವುಗಳ ಮುಖ್ಯ ಕೆಲಸ ಉತ್ತರ ಅಟ್ಲಾಂಟಿಕ್‌ನಲ್ಲಿ ಸೋವಿಯತ್ ಸಬ್‌ಮರೀನ್ ಹುಡುಕುವುದು. ಕ್ಯಾಟಪಲ್ಟ್ ಇಲ್ಲ. ಇಳಿಯುವ ವಿಮಾನವನ್ನು ಹಿಡಿದು ನಿಲ್ಲಿಸುವ ತಂತಿಗಳೂ ಇಲ್ಲ. ಕಾದಾಟದ ವಿಮಾನಕ್ಕೆ ಇದರಿಂದ ಪಾರಾಗುವ ದಾರಿ ಸಿಕ್ಕಿತು. ಹ್ಯಾರಿಯರ್ ನಿಂತಲ್ಲೇ ಇಳಿಯಬಲ್ಲದು, ತುದಿ ಮೇಲಕ್ಕೆ ಬಾಗಿದ ಡೆಕ್‌ನಿಂದ ಚಿಮ್ಮಿ ಹಾರಬಲ್ಲದು. ಹಾಗಾಗಿ 1975ರಲ್ಲಿ ಸೀ ಹ್ಯಾರಿಯರ್‌ಗೆ ಆರ್ಡರ್ ಹೋಯಿತು. ಗ್ಯಾನೆಟ್‌ಗೆ ಅಂಥ ದಾರಿ ಇರಲಿಲ್ಲ. ಇದೇ ಕೆಲಸ ಮಾಡುವ ಅಮೆರಿಕದ ಹಾಕ್‌ಐ ವಿಮಾನಕ್ಕೂ ಕ್ಯಾಟಪಲ್ಟ್ ಬೇಕು.

ಇಲ್ಲಿ ನನಗೆ ಕಾಣುವುದು ಇದು. ವಿಮಾನವಾಹಕ ಬೇಕೋ ಬೇಡವೋ ಎಂದು ಸಂಸತ್ತಿನಲ್ಲಿ ಜಗಳವಾಯಿತು, ರಾಜೀನಾಮೆಗಳಾದವು. ಕಾದಾಟದ ವಿಮಾನ ಬೇಕು ಎಂದು ವರ್ಷಗಟ್ಟಲೆ ವಾದ ನಡೆದು ಕೊನೆಗೆ ಹ್ಯಾರಿಯರ್ ಸಿಕ್ಕಿತು. ಕಣ್ಣಿನ ಬಗ್ಗೆ ಮಾತ್ರ ಅಂಥ ದೊಡ್ಡ ಜಗಳ ನಡೆಯಲೇ ಇಲ್ಲ. ಬೇರೆ ತೀರ್ಮಾನಗಳ ಬಾಲಕ್ಕೆ ಅಂಟಿಕೊಂಡು ಅದು ಸುಮ್ನೆ ಹೊರಗೆ ಹೋಯಿತು.

ಹಾಗಂತ ಅವರನ್ನು ಮೂರ್ಖರು ಎನ್ನುವಂತಿಲ್ಲ. ಯುದ್ಧವಾದರೆ ಉತ್ತರ ಅಟ್ಲಾಂಟಿಕ್‌ನಲ್ಲೇ ಆಗುತ್ತದೆ, ಅಲ್ಲಿ ಅಮೆರಿಕದ ದೊಡ್ಡ ವಿಮಾನವಾಹಕಗಳು ಜೊತೆಗಿರುತ್ತವೆ, ನಮ್ಮ ನೆಲದಿಂದ ಶ್ಯಾಕಲ್ಟನ್ ವಿಮಾನಗಳೂ ಬರುತ್ತವೆ ಎಂಬ ಎಣಿಕೆ ಅವರದ್ದು. ಶ್ಯಾಕಲ್ಟನ್ ಎಂದರೆ ಎರಡನೇ ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರ್ ವಂಶದ ನಾಲ್ಕು ಎಂಜಿನ್‌ಗಳ ವಿಮಾನ. 12 ಶ್ಯಾಕಲ್ಟನ್‌ಗಳಿಗೆ ವಾಯುಪಡೆ ರೇಡಾರ್ ಹಾಕಿತ್ತು. ಯಾವ ರೇಡಾರ್? ಕೆಲಸ ಮುಗಿಸಿದ ಗ್ಯಾನೆಟ್‌ಗಳಿಂದ ಬಿಚ್ಚಿದ ಅದೇ ಎಪಿಎಸ್-20. ಈ ಶ್ಯಾಕಲ್ಟನ್‌ಗಳ ನೆಲೆ ಲಾಸಿಮೌತ್. 849 ಕೊನೆಯುಸಿರು ಬಿಟ್ಟ ಜಾಗವೂ ಅದೇ.

ಆ ಎಣಿಕೆ ಸರಿಯಾಗಿರಲು ಒಂದೇ ಷರತ್ತು. ಯುದ್ಧ ಮನೆಯ ಹತ್ತಿರವೇ ಆಗಬೇಕು.

ಮೇ 4

1982ರ ಏಪ್ರಿಲ್ 2ರಂದು ಅರ್ಜೆಂಟೀನಾ ಫಾಕ್‌ಲ್ಯಾಂಡ್ ದ್ವೀಪಗಳನ್ನು ಹಿಡಿಯಿತು. ಬ್ರಿಟನ್‌ನಿಂದ ಸುಮಾರು 13,000 ಕಿಲೋಮೀಟರ್. ಹರ್ಮೀಸ್ ಮತ್ತು ಇನ್ವಿನ್ಸಿಬಲ್ ಎರಡು ವಿಮಾನವಾಹಕಗಳು ಹೊರಟವು. ಅವುಗಳ ಮೇಲೆ ಮೊದಲಿಗೆ ಇದ್ದದ್ದು ಒಟ್ಟು 20 ಸೀ ಹ್ಯಾರಿಯರ್. ಶ್ಯಾಕಲ್ಟನ್‌ಗೆ ಅಷ್ಟು ದೂರ ಬರುವ ದಾರಿಯೇ ಇರಲಿಲ್ಲ.

ಎತ್ತರದ ಕಣ್ಣಿಲ್ಲದಾಗ ಏನು ಮಾಡುವುದು? ಬ್ರಿಟಿಷರು ಒಕಿನಾವಾದ ಹಳೇ ಉಪಾಯಕ್ಕೆ ಮರಳಿದರು. ಶೆಫೀಲ್ಡ್, ಗ್ಲಾಸ್ಗೋ, ಕವೆಂಟ್ರಿ ಎಂಬ ಮೂರು ಡಿಸ್ಟ್ರಾಯರ್‌ಗಳನ್ನು ವಿಮಾನವಾಹಕಗಳಿಗಿಂತ ಸುಮಾರು 30 ಕಿಲೋಮೀಟರ್ ಮುಂದೆ ಕಾವಲು ನಿಲ್ಲಿಸಿದರು. ಅದಕ್ಕೂ ಆಚೆ, ಅರ್ಜೆಂಟೀನಾದ ತೀರದ ಹತ್ತಿರ, ಸಬ್‌ಮರೀನ್‌ಗಳು ಯಾವ ವಿಮಾನ ಮೇಲೇಳುತ್ತಿದೆ ಎಂದು ನೋಡಿ ಸುದ್ದಿ ಕಳಿಸಲು ಪ್ರಯತ್ನಿಸುತ್ತಿದ್ದವು.

ಎದುರಾಳಿಗೆ ಈ ಡಿಸ್ಟ್ರಾಯರ್‌ಗಳ ಬಲವೂ ಗೊತ್ತಿತ್ತು, ದೌರ್ಬಲ್ಯವೂ ಗೊತ್ತಿತ್ತು. ಯಾಕೆಂದರೆ ಅದೇ ಟೈಪ್ 42 ಮಾದರಿಯ ಎರಡು ಹಡಗುಗಳು ಅರ್ಜೆಂಟೀನಾದ ನೌಕಾಪಡೆಯಲ್ಲೇ ಇದ್ದವು. ಬ್ರಿಟನ್ನೇ ಮಾರಿದ ಮಾದರಿ. ಎಷ್ಟು ಕೆಳಗೆ ಹಾರಿದರೆ ಅದರ ರೇಡಾರ್ ಕುರುಡಾಗುತ್ತದೆ ಎಂದು ತಿಳಿಯಲು ಅವರು ಗೂಢಚಾರರನ್ನು ಕಳಿಸಬೇಕಾಗಿರಲಿಲ್ಲ.

ಆ ದಿನ ಅರ್ಜೆಂಟೀನಾದ ನೌಕಾಪಡೆಯ ಒಂದು ನೆಪ್ಚೂನ್ ವಿಮಾನ ಸಮುದ್ರ ಹುಡುಕುತ್ತಿತ್ತು. ಬಹಳ ಹಳೆಯ ವಿಮಾನ, ರಿಪೇರಿಯಲ್ಲೇ ಬದುಕು ದೂಡುತ್ತಿತ್ತು. ಬ್ರಿಟಿಷ್ ಹಡಗುಗಳನ್ನು ಅದು ತನ್ನ ರೇಡಾರ್‌ನಲ್ಲಿ ಕಂಡಿತು, ಅವು ಎಲ್ಲಿವೆ ಎಂದು ಹೇಳಿತು. ಆ ಮಾಹಿತಿ ಹಿಡಿದು ರಿಯೊ ಗ್ರಾಂಡೆ ನೆಲೆಯಿಂದ ಹೊರಟ ಎರಡು ಸೂಪರ್ ಎತಾಂದಾರ್ ವಿಮಾನಗಳು ನೀರಿಗೆ ಅಂಟಿಕೊಂಡಂತೆ ಬಂದವು. ಪೈಲಟ್‌ಗಳು ಅಗಸ್ಟೊ ಬೆದಕರ್ರಾತ್ಸ್ ಮತ್ತು ಅರ್ಮಾಂದೊ ಮಯೋರಾ. ಕೆಲವು ಕ್ಷಣ ಮೇಲೆದ್ದು, ತಮ್ಮ ರೇಡಾರ್ ಹಾಕಿ ಗುರಿ ನೋಡಿಕೊಂಡು, ಮತ್ತೆ ಇಳಿದು, ಒಂದೊಂದು ಎಕ್ಸೋಸೆಟ್ ಬಿಟ್ಟು ತಿರುಗಿ ಹೋದರು.

ನೆಪ್ಚೂನ್‌ನ ಹೊಟ್ಟೆಯಲ್ಲಿದ್ದ ರೇಡಾರ್ ಯಾವುದು ಗೊತ್ತಾ? ಎಪಿಎಸ್-20.

ಇದನ್ನು ತಿಳಿದಾಗ ಸ್ವಲ್ಪ ಹೊತ್ತು ನನಗೆ ಮುಂದೆ ಓದಲಾಗಲಿಲ್ಲ. ಅದೇ ಕುಟುಂಬದ ರೇಡಾರ್ 26 ವರ್ಷ 849ರ ಜೊತೆ ಬ್ರಿಟಿಷ್ ಹಡಗುಗಳ ಮೇಲೆ ಹಾರಿತ್ತು. ಅದನ್ನು ಹಡಗುಗಳ ಮೇಲಿನಿಂದ ಕೈಬಿಟ್ಟವರ ಹಡಗುಗಳನ್ನು ಅಷ್ಟೇ ಹಳೆಯ ಅದೇ ರೇಡಾರ್ ಮೇಲಿನಿಂದ ನೋಡಿ ತೋರಿಸಿಕೊಟ್ಟಿತು. ರೇಡಾರ್ ಎಷ್ಟು ಹೊಸದು ಎಂಬುದಕ್ಕಿಂತ ಎಷ್ಟು ಎತ್ತರದಲ್ಲಿದೆ ಎಂಬುದು ಆ ದಿನ ಜಾಸ್ತಿ ಲೆಕ್ಕಕ್ಕೆ ಬಂತು.

ಹಡಗಿನ ಒಳಗೆ ನಡೆದ ತಪ್ಪುಗಳನ್ನೂ ಹೇಳಬೇಕು. ಶತ್ರು ರೇಡಾರ್‌ನ ಅಲೆ ಬಂದರೆ ಎಚ್ಚರಿಸುವ ಒಂದು ಉಪಕರಣ ಶೆಫೀಲ್ಡ್‌ನಲ್ಲಿತ್ತು. ಆದರೆ ಆ ಹೊತ್ತಿಗೆ ಹಡಗು ಉಪಗ್ರಹದ ಮೂಲಕ ಸಂದೇಶ ಕಳಿಸುತ್ತಿತ್ತು. ಆ ಪ್ರಸಾರ ಉಪಕರಣದ ಕಿವಿ ಮುಚ್ಚುತ್ತಿತ್ತು. ಗ್ಲಾಸ್ಗೋ ಹಡಗು ಅಪಾಯವನ್ನು ಗುರುತಿಸಿ ಎಲ್ಲರಿಗೂ ಕೂಗಿ ಹೇಳಿತು. ಹಿಂದಿನ ದಿನಗಳಲ್ಲಿ ಇಂಥ ಹುಸಿ ಎಚ್ಚರಿಕೆಗಳು ಬಂದಿದ್ದರಿಂದ ಅದನ್ನು ತಕ್ಷಣ ನಂಬಲಿಲ್ಲ. ಒಂದು ಕ್ಷಿಪಣಿ ಸಮುದ್ರಕ್ಕೆ ಬಿತ್ತು. ಇನ್ನೊಂದು ಶೆಫೀಲ್ಡ್‌ನ ಬಲಭಾಗದ ಮಧ್ಯಕ್ಕೆ, ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ನುಗ್ಗಿತು. ಬೆಂಕಿ ನಂದಿಸುವ ನೀರಿನ ಪೈಪ್ ಒಡೆದುಹೋಯಿತು. ನಾವಿಕರು ಗಂಟೆಗಟ್ಟಲೆ ಹೊಗೆಯಲ್ಲಿ ಹೋರಾಡಿದರು. ಕೊನೆಗೆ ಹಡಗು ಬಿಡಬೇಕಾಯಿತು. ಎಳೆದುಕೊಂಡು ಹೋಗುತ್ತಿದ್ದಾಗ ಮೇ 10ರಂದು ಅದು ಮುಳುಗಿತು.

ಮೇ 25ರಂದು ಮತ್ತೊಂದು ಏಟು. ಅಟ್ಲಾಂಟಿಕ್ ಕನ್ವೇಯರ್ ಎಂಬ ಸರಕು ಹಡಗಿಗೆ ಎಕ್ಸೋಸೆಟ್ ಬಡಿದು 12 ಜನ ಸತ್ತರು. ಅದರಲ್ಲಿದ್ದ ಮೂರು ಚಿನೂಕ್ ಹೆಲಿಕಾಪ್ಟರ್ ಸುಟ್ಟುಹೋದವು. ಸೈನಿಕರನ್ನು ಗಾಳಿಯಲ್ಲಿ ಒಯ್ಯಬೇಕೆಂದಿದ್ದ ಯೋಜನೆ ಕುಸಿದು, ಅವರು ಹೆಗಲ ಮೇಲೆ ಹೊರೆ ಹೊತ್ತು ದ್ವೀಪದ ಜೌಗು ನೆಲ ದಾಟಬೇಕಾಯಿತು. ಅದೇ ದಿನ ಕವೆಂಟ್ರಿಯೂ ಬಾಂಬ್ ದಾಳಿಗೆ ಮುಳುಗಿತು. ಮೇ 4ರ ಮೂರು ಕಾವಲು ಹಡಗುಗಳಲ್ಲಿ ಎರಡು ಮೂರು ವಾರದೊಳಗೆ ಹೋದವು.

ಲೆಕ್ಕಕ್ಕೆ ಬರದ ಇನ್ನೊಂದು ನಷ್ಟವಿದೆ. ಎಕ್ಸೋಸೆಟ್ ಭಯದಿಂದ ವಿಮಾನವಾಹಕಗಳನ್ನು ದ್ವೀಪಗಳಿಂದ ಬಹಳ ಪೂರ್ವಕ್ಕೆ ಇಡಬೇಕಾಯಿತು. ಹ್ಯಾರಿಯರ್‌ನ ಇಂಧನದ ಹೆಚ್ಚು ಪಾಲು ಹೋಗಿ ಬರುವುದಕ್ಕೇ ಖರ್ಚಾಗುತ್ತಿತ್ತು. ದ್ವೀಪದ ಮೇಲೆ ಕಾವಲು ನಿಲ್ಲಲು ಉಳಿಯುತ್ತಿದ್ದ ಹೊತ್ತು ಬಹಳ ಕಡಿಮೆ.

ಗ್ಯಾನೆಟ್ ಇದ್ದಿದ್ದರೆ?

ಈ ಪ್ರಶ್ನೆಗೆ ಬಹಳ ಜನ ಸಲೀಸಾಗಿ, ಇದ್ದಿದ್ದರೆ ಶೆಫೀಲ್ಡ್ ಉಳಿಯುತ್ತಿತ್ತು ಎಂದುಬಿಡುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. ಎಪಿಎಸ್-20ಕ್ಕೆ ಸಮುದ್ರ ಕೆರಳಿದಾಗ ಅಲೆಗಳ ನಡುವೆ ಚಿಕ್ಕ ಚುಕ್ಕೆ ಹುಡುಕುವುದು ಕಷ್ಟ. ದಕ್ಷಿಣ ಅಟ್ಲಾಂಟಿಕ್ ಶಾಂತ ಸಮುದ್ರವೂ ಅಲ್ಲ. ಸಿಕ್ಕ ಎಚ್ಚರಿಕೆಯನ್ನೇ ನಂಬದ ಹಡಗಿಗೆ ಇನ್ನೊಂದು ಎಚ್ಚರಿಕೆ ಸಿಕ್ಕರೆ ಏನಾಗುತ್ತಿತ್ತು ಎಂಬುದೂ ಇದೆ.

ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಸೂಪರ್ ಎತಾಂದಾರ್ ಸಿಗದೇ ಹೋಗಿದ್ದರೂ ನೆಪ್ಚೂನ್ ಸಿಗುತ್ತಿತ್ತು. ಅದು ದೊಡ್ಡದು, ನಿಧಾನ. ಮತ್ತೆ ಮತ್ತೆ ಮೇಲೆದ್ದು ಹಡಗುಗಳನ್ನು ನೋಡುತ್ತಿದ್ದ ವಿಮಾನ. ಗ್ಯಾನೆಟ್‌ನ ಹಿಂದಿನ ಕೋಣೆಯಲ್ಲಿ ಕುಳಿತ ಅಬ್ಸರ್ವರ್‌ಗೆ ಇಂಥದ್ದನ್ನು ಹಿಡಿಯುವುದು ದಿನದ ಕೆಲಸ. ಎರಡು ಸೀ ಹ್ಯಾರಿಯರ್‌ಗಳನ್ನು ಅದರ ಕಡೆಗೆ ತಿರುಗಿಸಿದ್ದರೆ ಸಾಕಿತ್ತು. ನೆಪ್ಚೂನ್ ಓಡಬೇಕಾಗುತ್ತಿತ್ತು, ಇಲ್ಲವೇ ಬೀಳುತ್ತಿತ್ತು. ದಾರಿ ತೋರಿಸುವವನಿಲ್ಲದೆ ಎಕ್ಸೋಸೆಟ್ ಹೊತ್ತ ಪೈಲಟ್‌ಗಳು ಅಷ್ಟು ನಿಖರವಾಗಿ ಬರುವುದು ಕಷ್ಟವಿತ್ತು. ಮೇ ತಿಂಗಳ ಮಧ್ಯಕ್ಕೆ ಆ ನೆಪ್ಚೂನ್‌ಗಳು ಹಾರಲಾಗದೆ ನಿಂತೇ ಹೋದವು. ಎದುರಾಳಿಯ ಕಣ್ಣು ಅಷ್ಟು ದುರ್ಬಲವಾಗಿತ್ತು. ಅದನ್ನು ತಡೆಯಲು ಬೇಕಿದ್ದದ್ದು ಮೂರೂವರೆ ವರ್ಷದ ಹಿಂದೆ ಕೈಯಲ್ಲೇ ಇತ್ತು.

ಇನ್ನೂ ಒಂದು ಸಂಕಟದ ವಿಷಯ. ಆ ಗ್ಯಾನೆಟ್ 1982ರವರೆಗೆ ಉಳಿದಿದ್ದರೂ ಅದನ್ನು ಹಾರಿಸಲು ಹಡಗಿರಲಿಲ್ಲ. 1960ರ ದಶಕದಲ್ಲಿ ಹರ್ಮೀಸ್‌ನ ಡೆಕ್‌ನಿಂದಲೇ ಗ್ಯಾನೆಟ್‌ಗಳು ಹಾರುತ್ತಿದ್ದವು. ಅದೇ ಹರ್ಮೀಸ್ 1982ರಲ್ಲಿ ಇಡೀ ಪಡೆಯ ಮುಖ್ಯ ಹಡಗಾಗಿ ಅಲ್ಲಿ ನಿಂತಿತ್ತು, ಕ್ಯಾಟಪಲ್ಟ್ ಇಲ್ಲದೆ.

ಹನ್ನೊಂದು ವಾರ

ಶೆಫೀಲ್ಡ್ ಹೋದ ಮೇಲೆ ಎಲ್ಲವೂ ಓಡತೊಡಗಿತು. ‘ಲಾಸ್ಟ್’ ಎಂಬ ಗುಟ್ಟಿನ ಹೆಸರಿನ ಯೋಜನೆ ಶುರುವಾಯಿತು. ಕ್ಯಾಟಪಲ್ಟ್ ಇಲ್ಲದ ಹಡಗಿನಿಂದ ರೇಡಾರನ್ನು ಮೇಲಕ್ಕೆ ಒಯ್ಯಬೇಕಾದರೆ ಉಳಿದ ದಾರಿ ಹೆಲಿಕಾಪ್ಟರ್ ಒಂದೇ. ಯೊವಿಲ್‌ನ ವೆಸ್ಟ್‌ಲ್ಯಾಂಡ್ ಕಾರ್ಖಾನೆಯಲ್ಲಿ ಎರಡು ಸೀ ಕಿಂಗ್ ಹೆಲಿಕಾಪ್ಟರ್‌ಗಳನ್ನು ಬಿಚ್ಚಿದರು. ರೇಡಾರ್ ಥಾರ್ನ್ ಇಎಂಐ ಕಂಪನಿಯ ಸರ್ಚ್‌ವಾಟರ್.

ಈ ಆಯ್ಕೆಯಲ್ಲಿ ನಿಜವಾದ ಜಾಣತನವಿದೆ. ಸರ್ಚ್‌ವಾಟರ್ ಮಾಡಿದ್ದು ವಿಮಾನ ಹುಡುಕಲು ಅಲ್ಲ. ವಾಯುಪಡೆಯ ನಿಮ್ರೋಡ್ ವಿಮಾನಗಳಲ್ಲಿ ಅದರ ಕೆಲಸ, ಅಲೆಗಳ ನಡುವೆ ಇಣುಕುವ ಸಬ್‌ಮರೀನ್‌ನ ಕೊಳವೆಯನ್ನು ಹಿಡಿಯುವುದು. ಕೆರಳಿದ ಸಮುದ್ರದಲ್ಲಿ ಚಿಕ್ಕ ವಸ್ತುವನ್ನು ಹೆಕ್ಕುವುದೇ ಅದರ ವಿದ್ಯೆ. ಎಪಿಎಸ್-20 ಎಲ್ಲಿ ಸೋಲುತ್ತಿತ್ತೋ ಅಲ್ಲೇ ಇದರ ಬಲ.

ತೊಡಕು ಇದ್ದದ್ದು ಎಲ್ಲಿ ಕೂರಿಸುವುದು ಎಂಬುದರಲ್ಲಿ. ಹೆಲಿಕಾಪ್ಟರ್‌ನ ಹೊಟ್ಟೆ ನೆಲಕ್ಕೆ ಹತ್ತಿರ, ಅಡಿಯಲ್ಲಿ ಜಾಗವಿಲ್ಲ. ಹಾಗಾಗಿ ಬಲಬದಿಗೆ ಒಂದು ತೋಳು ಕಟ್ಟಿ, ಅದರ ತುದಿಗೆ ರೇಡಾರ್ ಇಟ್ಟು, ಅದಕ್ಕೆ ಗಾಳಿ ತುಂಬಿ ಉಬ್ಬಿಸುವ ಚೀಲದ ಹೊದಿಕೆ ಹಾಕಿದರು. ಇಳಿಯುವಾಗ ತೋಳು ಹಿಂದಕ್ಕೆ ಮಡಚಿ ಮೇಲಿರುತ್ತದೆ. ಹಾರಿದ ಮೇಲೆ ಕೆಳಕ್ಕೆ ತೂಗುತ್ತದೆ. ಹೆಲಿಕಾಪ್ಟರ್ ಕಂಕುಳಲ್ಲಿ ಮೂಟೆ ಇಟ್ಟುಕೊಂಡು ಹೊರಟಂತೆ ಕಾಣುತ್ತಿತ್ತು. ನಾವಿಕರು ಇದನ್ನು ‘ಬ್ಯಾಗ್’ ಎಂದರು, ಇದನ್ನು ಹಾರಿಸುವವರು ‘ಬ್ಯಾಗರ್’ಗಳಾದರು.

1982ರ ಜುಲೈ 23ರಂದು ಮೊದಲ ಹಾರಾಟ. ಆಗಸ್ಟ್ ಆರಂಭಕ್ಕೆ ಎರಡೂ ಹೆಲಿಕಾಪ್ಟರ್‌ಗಳು 824 ಸ್ಕ್ವಾಡ್ರನ್‌ನ ಡಿ ಫ್ಲೈಟ್ ಹೆಸರಲ್ಲಿ ಹೊಸ ಹಡಗು ಇಲಸ್ಟ್ರಿಯಸ್ ಮೇಲೆ ದಕ್ಷಿಣಕ್ಕೆ ಹೊರಟವು. ಒಟ್ಟು ಹನ್ನೊಂದು ವಾರದ ಕೆಲಸ. ಶಾಂತಿಯ ಕಾಲದಲ್ಲಿ ಇಂಥದ್ದಕ್ಕೆ ವರ್ಷಗಳೇ ಹಿಡಿಯುತ್ತವೆ.

ಇಷ್ಟು ಬೇಗ ಹೇಗಾಯಿತು? ರೇಡಾರ್ ಇತ್ತು, ಹೆಲಿಕಾಪ್ಟರ್ ಇತ್ತು, ಎರಡನ್ನೂ ಸೇರಿಸುವುದಷ್ಟೇ ಉಳಿದಿತ್ತು ಎನ್ನುವುದು ಅರ್ಧ ಉತ್ತರ. ಗ್ಯಾನೆಟ್ ನಿಂತು ಆಗಿನ್ನೂ ನಾಲ್ಕು ವರ್ಷವೂ ಆಗಿರಲಿಲ್ಲ. ಆ ಕೆಲಸ ಹೇಗೆ ಮಾಡುತ್ತಾರೆ ಎಂಬ ನೆನಪು ನೌಕಾಪಡೆಯಲ್ಲಿ ಇನ್ನೂ ಹಸಿಯಾಗಿತ್ತು ಎಂಬುದು ಉಳಿದರ್ಧ ಎಂದು ನಾನು ಎಣಿಸುತ್ತೇನೆ. ಇದೇ ಬಿಕ್ಕಟ್ಟು ಹದಿನೈದು ವರ್ಷ ತಡವಾಗಿ ಬಂದಿದ್ದರೆ ಹನ್ನೊಂದು ವಾರ ಸಾಕಾಗುತ್ತಿರಲಿಲ್ಲ.

ಆದರೂ ತಡವೇ ಆಗಿತ್ತು. ಯುದ್ಧ ಜೂನ್ 14ಕ್ಕೆ ಮುಗಿದಿತ್ತು. ಇಲಸ್ಟ್ರಿಯಸ್ ಹೋಗಿ ಇನ್ವಿನ್ಸಿಬಲ್‌ನ ಜಾಗ ತುಂಬಿದ್ದು ಆಗಸ್ಟ್ ಕೊನೆಗೆ.

ಆಮೇಲೆ

1984ರ ನವೆಂಬರ್‌ನಲ್ಲಿ 849 ಸ್ಕ್ವಾಡ್ರನ್ ಕಲ್‌ಡ್ರೋಸ್‌ನಲ್ಲಿ ಮತ್ತೆ ತೆರೆಯಿತು, ಈ ಬಾರಿ ಬ್ಯಾಗ್ ಹೊತ್ತ ಸೀ ಕಿಂಗ್‌ಗಳೊಡನೆ. ಗ್ಯಾನೆಟ್‌ನ ಎತ್ತರ, ವೇಗ ಇದಕ್ಕಿರಲಿಲ್ಲ. ಹೆಲಿಕಾಪ್ಟರ್ ಸುಮಾರು 3,000 ಮೀಟರ್‌ಗೇ ನಿಲ್ಲಬೇಕು, ಗ್ಯಾನೆಟ್ ಅದರ ಎರಡು ಪಟ್ಟಿಗೂ ಮೇಲೆ ಹೋಗಬಲ್ಲದಾಗಿತ್ತು. ಮುಂದೆ ಹೊಸ ಸರ್ಚ್‌ವಾಟರ್ 2000 ರೇಡಾರ್ ಬಂದ ಮೇಲೆ ನೆಲದ ಮೇಲೆ ಓಡುವ ಗಾಡಿಗಳೂ ಅದಕ್ಕೆ ಕಾಣತೊಡಗಿದವು. 2003ರ ಇರಾಕ್ ಯುದ್ಧದಲ್ಲಿ ಅಲ್ ಫಾವ್ ಪ್ರದೇಶದಲ್ಲಿ ಇಳಿದ ಮರೀನ್ ಸೈನಿಕರಿಗೆ ಇರಾಕಿ ಟ್ಯಾಂಕ್‌ಗಳ ಸುಳಿವು ಕೊಟ್ಟದ್ದು ಈ ಹೆಲಿಕಾಪ್ಟರ್‌ಗಳು. ಅದೇ ಯುದ್ಧದ ಮಾರ್ಚ್ 22ರ ಕತ್ತಲಲ್ಲಿ 849ರ ಎರಡು ಸೀ ಕಿಂಗ್‌ಗಳು, ಒಂದು ಕೆಲಸ ಮುಗಿಸಿ ಬರುತ್ತಿದ್ದದ್ದು, ಇನ್ನೊಂದು ಹೊರಟದ್ದು, ಗಲ್ಫ್ ಸಮುದ್ರದ ಮೇಲೆ ಡಿಕ್ಕಿಯಾದವು. ಒಬ್ಬ ಅಮೆರಿಕನ್ ಸೇರಿ ಏಳು ಜನರೂ ಸತ್ತರು. ಈ ಸ್ಕ್ವಾಡ್ರನ್ನಿನ ಕಥೆ ಹೇಳುವಾಗ ಅವರನ್ನು ಬಿಟ್ಟು ಮುಂದೆ ಹೋಗಬಾರದು.

ಬ್ಯಾಗ್ ಹೊತ್ತ ಸೀ ಕಿಂಗ್ 2018ರಲ್ಲಿ ನಿವೃತ್ತಿಯಾಯಿತು. 2020ರ ಏಪ್ರಿಲ್‌ನಲ್ಲಿ 849 ಮತ್ತೆ ಮುಚ್ಚಿತು. ಕೆಲಸ ಈಗ ಮರ್ಲಿನ್ ಹೆಲಿಕಾಪ್ಟರ್ ಮೇಲೆ 820 ಸ್ಕ್ವಾಡ್ರನ್ ಪಾಲಿಗೆ ಹೋಗಿದೆ. ಕ್ರೋಸ್‌ನೆಸ್ಟ್ ಎಂದು ಅದರ ಹೆಸರು. 2021ರಲ್ಲಿ ಕ್ವೀನ್ ಎಲಿಜಬೆತ್ ವಿಮಾನವಾಹಕದೊಡನೆ ಅದು ದೂರಯಾನಕ್ಕೆ ಹೋದಾಗ, ಹೆಲಿಕಾಪ್ಟರ್‌ನ ಪಕ್ಕದಲ್ಲಿ ಸರ್ಚ್‌ವಾಟರ್ ವಂಶದ ರೇಡಾರ್ ಇತ್ತು, ಅದರ ಮೇಲೆ ಉಬ್ಬಿದ ಚೀಲವೂ ಇತ್ತು.

ಹರ್ಮೀಸ್ ಏನಾಯಿತು ಎಂಬುದು ನಮಗೆ ಗೊತ್ತೇ ಇದೆ. ಭಾರತ ಅದನ್ನು ಕೊಂಡಿತು. 1987ರ ಮೇ 12ರಂದು ಅದು ಐಎನ್‌ಎಸ್ ವಿರಾಟ್ ಆಯಿತು, 2016ರವರೆಗೆ ಸೀ ಹ್ಯಾರಿಯರ್‌ಗಳನ್ನು ಹೊತ್ತು, 2017ರವರೆಗೆ ದುಡಿಯಿತು. ಎತ್ತರದ ಕಣ್ಣಿನ ಕೊರತೆ ಅದರ ಜೊತೆಗೇ ನಮಗೂ ಬಂದಿತ್ತು. ಅದಕ್ಕೆ ಭಾರತೀಯ ನೌಕಾಪಡೆ ಕಂಡುಕೊಂಡ ಉತ್ತರವೂ ಹೆಲಿಕಾಪ್ಟರ್ರೇ, ರಷ್ಯಾದ ಕಾಮೊವ್ 31. ಇದಕ್ಕೆ ಬ್ಯಾಗ್ ಇಲ್ಲ. ಹೊಟ್ಟೆಗೆ ಅಂಟಿ ಮಡಚಿಕೊಂಡಿರುವ ಆರು ಮೀಟರ್ ಅಗಲದ ಹಲಗೆಯಂಥ ಆಂಟೆನಾ ಇದೆ. ಹಾರಿದ ಮೇಲೆ ಅದು ಕೆಳಕ್ಕೆ ಬಿಚ್ಚಿ ಸುತ್ತತೊಡಗುತ್ತದೆ, ಅಡ್ಡ ಬರದಂತೆ ಚಕ್ರಗಳು ಮೇಲಕ್ಕೆ ಸರಿಯುತ್ತವೆ. 2003ರಿಂದ ಗೋವಾದ ಐಎನ್‌ಎಸ್ ಹಂಸದಲ್ಲಿರುವ 339 ಸ್ಕ್ವಾಡ್ರನ್ ಇವನ್ನು ಹಾರಿಸುತ್ತಿದೆ. ಅವು ಹೋಗಿ ಇಳಿಯುವ ಹಡಗುಗಳಲ್ಲಿ ಒಂದು ಐಎನ್‌ಎಸ್ ವಿಕ್ರಮಾದಿತ್ಯ. ಅದರ ತವರು ಬಂದರು ನಮ್ಮ ಕಾರವಾರ.